ಏನೂ ಕೆಟ್ಟಿಲ್ಲ

ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದ ಮೇಲೆ ನನ್ನ ಮೊದಲ ಕೆಲಸ ಚುಕ್ಕಿಗಳನ್ನು ನೋಡುವುದು. ಗೋಡೆಯ ಮಾನಿಟರಿನಲ್ಲಿ ನಮ್ಮ ಗಿರಾಕಿಗಳ ಒಂದೊಂದು ಕಂಪ್ಯೂಟರಿಗೂ ಒಂದೊಂದು ಚುಕ್ಕಿ. ಎಲ್ಲ ಸರಿ ಇದ್ದರೆ ಹಸಿರು. ಏನೋ ಕೆಡಲಿದ್ದರೆ ಹಳದಿ. ಕೆಟ್ಟೇ ಹೋದರೆ ಕೆಂಪು. ಕಂಪ್ಯೂಟರ್ ಆಫ್ ಆಗಿದ್ದರೆ ಬೂದು. ಹಳದಿ ಕಂಡರೆ ನಾನು ಕೂತಲ್ಲಿಂದಲೇ ಅದರ ಒಳಹೊಕ್ಕು ಸರಿ ಮಾಡುತ್ತೇನೆ. ಆ ಕಚೇರಿಯವರು ಬಂದು ಕುರ್ಚಿ ಎಳೆದುಕೊಳ್ಳುವ ಹೊತ್ತಿಗೆ ಅದು ಹಸಿರಾಗಿರುತ್ತದೆ. ಅವರಿಗೆ ಏನೂ ತಿಳಿಯುವುದಿಲ್ಲ.

ಈ ಏರ್ಪಾಟು ಮಾಡಿದವನು ನನ್ನ ಗಂಡ. ಗಿರಾಕಿ ಫೋನ್ ಮಾಡಿದ ಎಂದರೆ ನಾವು ಸೋತ ಹಾಗೆ ಎನ್ನುತ್ತಿದ್ದ. ಮನೆಯವರ ಮುಂದೆ ನನಗೆ ಅವನು 'ಅವರು'. ಬರೆಯುವಾಗ ಹಾಗೆ ಬರುವುದಿಲ್ಲ.

ಅವನು ತೀರಿಹೋಗಿ ವರ್ಷದ ಮೇಲಾಯಿತು. ಚುಕ್ಕಿಗಳು ಹಸಿರಾಗಿಯೇ ಇವೆ. ತೊಂದರೆ ಆಗಿರುವುದೇ ಅದರಿಂದ. ವರ್ಷದ ಕರಾರು ಮುಗಿದವರಲ್ಲಿಗೆ ಹೋಗಿ, ಮುಂದುವರಿಸೋಣವೇ ಎಂದು ಕೇಳಿದರೆ, "ಏನೂ ಕೆಟ್ಟಿಲ್ಲವಲ್ಲಮ್ಮ" ಎನ್ನುತ್ತಾರೆ. ಪ್ರೀತಿಯಿಂದಲೇ ಎನ್ನುತ್ತಾರೆ. ಕೂರಿಸಿ, ಕಾಫಿ ಕೊಟ್ಟು, ಅವನ ಗುಣಗಾನ ಮಾಡಿ, "ಕೆಟ್ಟರೆ ಮೊದಲು ನಿಮಗೇ ಹೇಳೋದು" ಎಂದು ಬಾಗಿಲವರೆಗೂ ಬಂದು ಕಳಿಸುತ್ತಾರೆ. ಕೆಡುವುದಿಲ್ಲ. ಅವನು ಅಷ್ಟು ಗಟ್ಟಿಯಾಗಿ ಕಟ್ಟಿಟ್ಟು ಹೋಗಿದ್ದಾನೆ.

ಮಾನಿಟರಿನಲ್ಲಿ ಚುಕ್ಕಿಗಳು ಒಂದೊಂದಾಗಿ ಕಡಿಮೆಯಾದವು.

ಅಂಗಡಿ ಇರುವುದು ನಮ್ಮ ಮನೆಯ ಕೆಳಗಿನ, ಬೀದಿ ಕಡೆಯ ಕೋಣೆಯಲ್ಲಿ. ಮನೆ ಭಾವನ ಹೆಸರಿನಲ್ಲಿದೆ. ಭಾವ ಎಂದರೆ ನನ್ನ ಗಂಡನ ಅಣ್ಣ. ಕೆಟ್ಟವರಲ್ಲ. ಮಾತಾಡಲು ಬಂದ ದಿನ ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತು, ಷಟರಿನ ತುಕ್ಕನ್ನು ಉಗುರಿನಿಂದ ಕೆರೆಯುತ್ತಾ ಶುರುಮಾಡಿದರು.

"ಔಷಧಿ ಅಂಗಡಿಯವರು ಈ ಕೋಣೆ ಕೇಳ್ತಾ ಇದ್ದಾರಮ್ಮ. ಈ ತಿಂಗಳ ಕೊನೆಗೆ ಹೇಳಬೇಕು."

"ಆಗಲಿ ಭಾವ."

"ಆಗಲಿ ಅಂದ್ರೆ ಏನರ್ಥ? ಜಗಳ ಆದ್ರೂ ಆಡು. ನೀನು ಸುಮ್ನಿದ್ರೆ ನಾನೇ ಪಾಪಿ ಥರ ಕಾಣ್ತೀನಿ." ತುಕ್ಕು ಉದುರಿತು. "ಒಂದು ಕೆಲಸ ಮಾಡು. ಹೊಸ ಗಿರಾಕಿ ಒಂದು ಹಿಡಿ. ಒಂದೇ ಒಂದು. ವರ್ಷದ ಕಾಂಟ್ರಾಕ್ಟ್ ತಂದು ತೋರ್ಸು, ನಾನು ಬಾಯಿ ಮುಚ್ಕೋತೀನಿ. ಇರೋರು ಒಬ್ಬೊಬ್ಬರೇ ಹೋಗ್ತಾ ಇದ್ರೆ ಎಷ್ಟು ದಿನ ಅಂತ ನೋಡೋದು?"

ಮೇಲಿನಿಂದ ಅತ್ತೆಯ ದನಿ ಬಂತು. "ಅವಳು ಓದಿದೋಳು ಕಣೋ. ಎಲ್ಲಾದ್ರೂ ಕೆಲಸ ಸಿಗತ್ತೆ."

ನಾನು ಓದಿದ್ದು ಸಂಖ್ಯಾಶಾಸ್ತ್ರ. ಕೆಲಸ ಸಿಗಬಹುದು. ಆದರೆ ಬೆಳಿಗ್ಗೆ ಎದ್ದು ಹೋಗಬೇಕು ಎಂದು ನನಗೆ ಅನ್ನಿಸುತ್ತಿದ್ದ ಜಾಗ ಈ ಅಂಗಡಿಯೊಂದೇ. ಅದನ್ನು ಭಾವನಿಗೆ ಹೇಳಲು ಹೋದರೆ ಮಾತು ಬೇರೆಲ್ಲಿಗೋ ಹೋಗುತ್ತಿತ್ತು. "ಒಂದು ಗಿರಾಕಿ ತಾನೆ, ಹಿಡೀತೀನಿ" ಎಂದೆ.

ಗಿರಾಕಿ ಹಿಡಿಯಲು ನಾನೂ ಇಕ್ಕಳನೂ ಹೊರಟೆವು. ಇಕ್ಕಳ ಎಂದರೆ ನಮ್ಮ ರಿಪೇರಿಯವ. ಹಿಡಿದ ಕೆಲಸವನ್ನೂ ಬಿಡುವುದಿಲ್ಲ, ಹಿಡಿದ ಮಾತನ್ನೂ ಬಿಡುವುದಿಲ್ಲ ಎಂದು ನನ್ನ ಗಂಡ ಇಟ್ಟ ಹೆಸರು. ಅವನಿಗೆ ನನ್ನ ಗಂಡ ಅಣ್ಣ, ನಾನು ಅತ್ತಿಗೆ. ಅಂಗಡಿ ಹೋದರೆ ಅವನ ಕೆಲಸವೂ ಹೋಗುತ್ತದೆ. ಆ ಮಾತನ್ನು ಅವನು ಎತ್ತಲಿಲ್ಲ.

ಮೊದಲು ಒಬ್ಬ ವಕೀಲರ ಕಚೇರಿ. ಕಡತಗಳ ನಡುವೆ ಕಂಪ್ಯೂಟರ್ ಕುತ್ತಿಗೆಯವರೆಗೂ ಮುಳುಗಿತ್ತು. "ನಮ್ಮ ಅಳಿಯಂದ್ರು ನೋಡ್ಕೋತಾರೆ" ಎಂದರು. ಮೇಲಿನ ಮಹಡಿಯ ಟ್ಯೂಷನ್ ಕೇಂದ್ರದಲ್ಲಿ ಅಕ್ಕನ ಅಳಿಯ ನೋಡಿಕೊಳ್ಳುತ್ತಿದ್ದ. ಟೈಲ್ಸ್ ಮಾರುವಲ್ಲಿ ಇನ್ನೂ ಅಳಿಯನಾಗಿರಲಿಲ್ಲ, ಮಾತುಕತೆ ನಡೆದಿತ್ತು.

"ಈ ಊರಲ್ಲಿ ಮನೆಗೊಬ್ಬ ಅಳಿಯ, ಅಳಿಯನಿಗೊಂದು ಸ್ಕ್ರೂಡ್ರೈವರ್" ಎಂದ ಇಕ್ಕಳ. "ನಾವು ತಪ್ಪು ಮಾಡಿದ್ವಿ ಅತ್ತಿಗೆ. ನಾನೂ ಎಲ್ಲಾದ್ರೂ ಅಳಿಯ ಆಗಿಬಿಟ್ಟಿದ್ರೆ ಒಂದು ಕಾಂಟ್ರಾಕ್ಟ್ ಆದ್ರೂ ಬರ್ತಿತ್ತು."

ಒಂದು ಗೋದಾಮಿನವರು ನಮ್ಮನ್ನು ಕಂಡದ್ದೇ, "ದೇವರು ಬಂದ ಹಾಗೆ ಬಂದ್ರಿ" ಎಂದು ಒಳಗೆ ಕರೆದರು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತ್ತು. ಇಕ್ಕಳ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದ. ನಾನು ಕಾರ್ಡು ಕೊಟ್ಟು ವರ್ಷದ ಕರಾರಿನ ವಿಷಯ ತೆಗೆದೆ. "ಇನ್ಯಾಕೆ, ಸರಿಹೋಯ್ತಲ್ಲ" ಎಂದರು. ನಮ್ಮ ಕಾರ್ಡನ್ನು ಮಡಿಸಿ ಕುಂಟುವ ಮೇಜಿನ ಕಾಲ ಕೆಳಗೆ ಇಟ್ಟರು. ಮೇಜು ನೆಟ್ಟಗಾಯಿತು.

ಬಟ್ಟೆ ಕಾರ್ಖಾನೆಯೊಂದರ ಗುಮಾಸ್ತ ನನ್ನ ಗಂಡನನ್ನು ಎಂದೋ ಕಂಡಿದ್ದನಂತೆ. "ಸಾರ್ ಯಾಕೆ ಬರ್ಲಿಲ್ಲ?" ಎಂದು ಕೇಳಿದ.

"ಅವರು ಇಲ್ಲ."

"ಎಲ್ಲಿ ಹೋಗಿದ್ದಾರೆ?"

ಅದು ನನಗೂ ಗೊತ್ತಿಲ್ಲ ಎನ್ನುವ ಹಾಗೆ ನಾನು ಇಕ್ಕಳನ ಮುಖ ನೋಡಿದೆ. ಅವನು ಕೆಮ್ಮಿದ. ಗುಮಾಸ್ತನಿಗೆ ತಿಳಿಯಿತು. ಅಲ್ಲಿಂದ ಮುಂದೆ ಅವನು ನನ್ನನ್ನು ಕಳಿಸಿಬಿಡುವ ಅವಸರದಲ್ಲಿ ಎಲ್ಲದಕ್ಕೂ ಹೂಂ ಎಂದ. ಅಂಥ ಹೂಂ ಎಂದರೆ ಏನೆಂದು ಈ ವರ್ಷದಲ್ಲಿ ಕಲಿತಿದ್ದೇನೆ.

ತಿಂಗಳು ಅರ್ಧ ಕಳೆದ ಮೇಲೆ ಒಂದು ಕಡೆ ಬಾಗಿಲು ತೆರೆಯಿತು. ಹಲ್ಲಿನ ವೈದ್ಯರೊಬ್ಬರ ಕ್ಲಿನಿಕ್. ಮೂರು ಬಡಾವಣೆಗಳಲ್ಲಿ ಶಾಖೆಗಳಿದ್ದವು. ವೈದ್ಯರು ಬಾಯಿಗಳನ್ನು ನೋಡಿಕೊಳ್ಳುತ್ತಿದ್ದರು. ಉಳಿದದ್ದನ್ನೆಲ್ಲ ಅವರ ಅಕ್ಕ ನೋಡಿಕೊಳ್ಳುತ್ತಿದ್ದರು. ಹಳೆಯ ಕಂಪ್ಯೂಟರಿನವನು ಫೋನ್ ಎತ್ತುವುದಿಲ್ಲವೆಂದು ಅವರು ರೋಸಿಹೋಗಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಪೆನ್ನಿನ ಮುಚ್ಚಳ ಹಾಕಿದರು.

"ಮಾತು ಎಲ್ಲರೂ ಚೆನ್ನಾಗೇ ಆಡ್ತಾರೆ. ನಿಮ್ಮ ಕೆಲಸ ನಡೀತಿರೋ ಜಾಗ ಒಂದು ತೋರಿಸಿ. ನಮ್ಮದು ಹಲ್ಲಿನ ಕಸುಬು ಕಣಮ್ಮ, ಬಾಯಿ ತೆಗೆಸಿ ನೋಡದೆ ನಂಬಲ್ಲ."

"ನಾಳೆಯೇ ತೋರಿಸ್ತೀನಿ" ಎಂದೆ.

ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ನನಗೂ ಇಕ್ಕಳನಿಗೂ ಚರ್ಚೆಯಾಯಿತು. ನಾನು ಪ್ರೆಸ್ಸು ಎಂದೆ. ಅದು ನನ್ನ ಗಂಡನ ಮೊದಲ ಗಿರಾಕಿ. ಪಠ್ಯಪುಸ್ತಕ, ಬಿಲ್ ಪುಸ್ತಕ, ಕರಪತ್ರ ಎಲ್ಲ ಅಚ್ಚಾಗುವ ಜಾಗ. ವರ್ಷದುದ್ದಕ್ಕೂ ಅಲ್ಲಿ ಒಂದು ಚುಕ್ಕಿಯೂ ಕೆಂಪಾಗಿಲ್ಲ.

"ಬೇಕರಿಗೆ ಹೋಗೋಣ" ಎಂದ ಇಕ್ಕಳ. "ಅಲ್ಲಿ ಮೊನ್ನೆ ತಾನೆ ಎಲ್ಲಾ ಕೆಟ್ಟು ಕೂತಿತ್ತು. ನಾನು ಓಡಿಹೋಗಿ ಸರಿ ಮಾಡಿದೆ. ಕಣ್ಣಲ್ಲಿ ನೀರು ಹಾಕ್ಕೊಂಡು ಹೊಗಳ್ತಾರೆ."

"ಕೆಟ್ಟಿದ್ದನ್ನ ತೋರಿಸೋಕೆ ಯಾರಾದ್ರೂ ಕರ್ಕೊಂಡು ಹೋಗ್ತಾರಾ?"

ಅವನು ತಲೆ ಕೆರೆದುಕೊಂಡ. ನನ್ನ ಮಾತು ನನಗೆ ಸರಿಯಾಗಿಯೇ ಕಂಡಿತ್ತು. ನನ್ನ ಗಂಡನೂ ಅದನ್ನೇ ಹೇಳುತ್ತಿದ್ದ.

ಪ್ರೆಸ್ಸಿನೊಳಗೆ ಕಾಲಿಟ್ಟರೆ ನೆಲವೇ ಮಿಡಿಯುತ್ತದೆ. ಮಸಿಯ ವಾಸನೆ ಗಂಟಲಿಗೆ ಇಳಿಯುತ್ತದೆ. ಯಜಮಾನರು ಕನ್ನಡಕವನ್ನು ಹಣೆಗೇರಿಸಿ, ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ವೈದ್ಯರ ಅಕ್ಕ ಯಾಕೆ ಬಂದಿದ್ದಾರೆಂದು ತಿಳಿದ ಕೂಡಲೇ ಅವರ ಮುಖ ಅರಳಿತು.

"ಇವರದಾ? ಕಣ್ಣು ಮುಚ್ಕೊಂಡು ಕೊಡಿ ಮೇಡಂ. ಇವರ ಯಜಮಾನ್ರು ಬಂಗಾರದಂಥ ಮನುಷ್ಯ. ಒಂದು ದಿನ, ಒಂದೇ ಒಂದು ದಿನ ತೊಂದರೆ ಅಂತ ಆಗಿಲ್ಲ. ಇವರನ್ನ ಕರೆದಿದ್ದೇ ನನಗೆ ನೆನಪಿಲ್ಲ."

"ಕರೆದೇ ಇಲ್ವಾ?"

"ಇಲ್ಲ."

"ವರ್ಷದಲ್ಲಿ?"

"ಉಹೂಂ."

"ಮತ್ತೆ ಇವರು ಏನು ಮಾಡ್ತಾರೆ?"

ಯಜಮಾನರು ಉತ್ತರ ಹೇಳಲು ಬಾಯಿ ತೆರೆದರು. ನನ್ನ ಕಡೆ ತಿರುಗಿದರು. ಆ ಪ್ರಶ್ನೆ ಅವರ ತಲೆಗೆ ಎಂದೂ ಬಂದಿರಲಿಲ್ಲ ಎಂದು ಆಗಲೇ ನನಗೆ ಗೊತ್ತಾದದ್ದು.

ನಾನು ಹೇಳತೊಡಗಿದೆ. ಬೆಳಿಗ್ಗೆ ನೋಡುತ್ತೇವೆ. ವೈರಸ್ ಬಾರದ ಹಾಗೆ ಕಾಯುತ್ತೇವೆ. ಪುಸ್ತಕಗಳ ಪುಟಗಳೆಲ್ಲ ಇರುವ ದೊಡ್ಡ ಕಂಪ್ಯೂಟರಿನ ಪಕ್ಕದ ಡಬ್ಬಿಯಲ್ಲಿ ಎಲ್ಲದರ ಇನ್ನೊಂದು ಪ್ರತಿ ಇಡುತ್ತೇವೆ. "ಹೋದ ವಾರ ನಿಮ್ಮ ಗುಮಾಸ್ತರ ಕಂಪ್ಯೂಟರ್ ತುಂಬಿ ನಿಲ್ಲೋದ್ರಲ್ಲಿತ್ತು. ಬೇಡದ್ದನ್ನೆಲ್ಲ ತೆಗೆದು ಜಾಗ ಮಾಡಿದೆ."

"ಹೌದಾ?" ಎಂದರು ಯಜಮಾನರು. "ನನಗೆ ಗೊತ್ತೇ ಆಗ್ಲಿಲ್ಲ."

"ಗೊತ್ತಾಗಬಾರದು ಅಂತಾನೇ ಸಾರ್."

ವೈದ್ಯರ ಅಕ್ಕ ನಕ್ಕರು. "ಇದು ಚೆನ್ನಾಗಿದೆ. ನಮ್ಮ ತಮ್ಮನಿಗೂ ಹೇಳ್ತೀನಿ. ನಿಮ್ಮ ಹಲ್ಲು ವರ್ಷವೆಲ್ಲ ನೋಯದ ಹಾಗೆ ನಾವು ಮನೆಯಿಂದಲೇ ನೋಡ್ಕೊಂಡ್ವಿ, ಬಿಲ್ ಕೊಡಿ ಅಂತ ಕಳಿಸಬಹುದು!"

ಯಜಮಾನರು ಅವರಿಗಿಂತ ಜೋರಾಗಿ ನಕ್ಕರು. ಇಕ್ಕಳ ಮಾತ್ರ ಕಾಗದದ ರೀಮುಗಳನ್ನು ನೋಡುತ್ತಾ ನಿಂತಿದ್ದ.

ಹೊರಡುವಾಗ ದೊಡ್ಡ ಕಂಪ್ಯೂಟರಿರುವ ಕೋಣೆಗೆ ಕರೆದುಕೊಂಡು ಹೋದರು. ಅದರ ಸ್ವಿಚ್ಚಿನ ಮೇಲೆ, ಯಾರೂ ಆಫ್ ಮಾಡಬಾರದೆಂದು ನನ್ನ ಗಂಡ ಕೆಂಪು ಟೇಪು ಅಂಟಿಸಿದ್ದ. ಟೇಪು ಹೋಗಿ ಅಂಟು ಮಾತ್ರ ಉಳಿದಿತ್ತು. ಅಂಟಿಗೆ ಧೂಳು ಮೆತ್ತಿತ್ತು. "ಈಗ ಸಂಜೆ ಎಲ್ಲ ಆಫ್" ಎಂದರು ಯಜಮಾನರು ಹೆಮ್ಮೆಯಿಂದ. "ನಮ್ಮ ಗುಮಾಸ್ತ ಹೋಗೋವಾಗ ಮೇನ್ ಸ್ವಿಚ್ ಇಳಿಸಿಬಿಡ್ತಾನೆ. ಕರೆಂಟ್ ಉಳಿಯುತ್ತೆ." ಅದು ನನಗೆ ಗೊತ್ತಿತ್ತು. ಹೊತ್ತು ಮುಳುಗಿದ ಮೇಲೆ ಆಗುತ್ತಿದ್ದ ಪ್ರತಿ ತೆಗೆಯುವ ಕೆಲಸವನ್ನು ಅದಕ್ಕೆಂದೇ ಊಟದ ಹೊತ್ತಿಗೆ ಬದಲಾಯಿಸಿದ್ದೆ. ಅದನ್ನೂ ಹೇಳಬಹುದಿತ್ತು. ಆಗದೆ ಹೋದದ್ದನ್ನು ಎಣಿಸಿ ತೋರಿಸುವುದು ಕಷ್ಟ ಎಂದು ನನಗೆ ವಿಶ್ವವಿದ್ಯಾಲಯದಲ್ಲೇ ಕಲಿಸಿದ್ದರು.

ಮಾರನೆಯ ದಿನ ವೈದ್ಯರ ಅಕ್ಕನಿಂದ ಮೆಸೇಜು ಬಂತು. ತಮ್ಮ ಕಂಪ್ಯೂಟರುಗಳು ಸದ್ಯಕ್ಕೆ ನಡೆಯುತ್ತಿವೆ, ಕೆಟ್ಟಾಗ ಖಂಡಿತ ಕರೆಯುತ್ತೇವೆ ಎಂದಿತ್ತು. ಕೊನೆಯಲ್ಲಿ ಕೈ ಮುಗಿದ ಚಿತ್ರ.

ಮಧ್ಯಾಹ್ನ ಪ್ರೆಸ್ಸಿನ ಯಜಮಾನರು ಫೋನ್ ಮಾಡಿದರು.

"ತಪ್ಪು ತಿಳ್ಕೋಬೇಡಿ ತಾಯಿ. ಆ ಯಮ್ಮ ಕೇಳಿದ್ದು ತಲೇಲಿ ಕೂತುಬಿಡ್ತು. ಇಷ್ಟು ವರ್ಷ ಹೊಳೆದೇ ಇರ್ಲಿಲ್ಲ ನೋಡಿ. ಹೇಗೂ ಈ ತಿಂಗಳಿಗೆ ನಮ್ಮದು ಮುಗಿಯುತ್ತೆ. ಮುಂದಕ್ಕೆ ಬೇಡ ಅಂತ. ಏನಾದ್ರೂ ಕೆಟ್ಟರೆ ಮೊದಲು ನಿಮಗೇ."

"ಆಗಲಿ ಸಾರ್" ಎಂದೆ.

ಇಕ್ಕಳ ಪೂರ್ತಿ ಕೇಳಿಸಿಕೊಂಡಿದ್ದ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು, "ಹಲ್ಲು ಕಟ್ಟಿಸ್ಕೊಂಡು ಬರೋಣ ಅಂತ ಹೋಗಿ ಇರೋ ಹಲ್ಲನ್ನೂ ಕೀಳಿಸ್ಕೊಂಡು ಬಂದ್ವಿ ಅತ್ತಿಗೆ" ಎಂದ.

ನನಗೆ ನಗು ಬಂತು. ಮುಖದವರೆಗೆ ಬರಲಿಲ್ಲ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಪ್ರೆಸ್ಸಿನವರು ಮೇನ್ ಏರಿಸಿದ ಮೇಲೆ ನೋಡಿದರೆ ಅವರ ದೊಡ್ಡ ಕಂಪ್ಯೂಟರ್ ಹಳದಿಯಾಗಿತ್ತು.

ಒಳಹೊಕ್ಕು ನೋಡಿದೆ. ಡಿಸ್ಕು ಸಾಯುತ್ತಿತ್ತು. ಇಲ್ಲಿಂದ ಸರಿಮಾಡುವಂಥದ್ದಲ್ಲ. ಹೊಸದು ಹಾಕಬೇಕು. ಪಕ್ಕದ ಡಬ್ಬಿಯಲ್ಲಿ ಪ್ರತಿ ಇದೆಯಲ್ಲ ಎಂದು ಹುಡುಕಿದರೆ ಡಬ್ಬಿಯೇ ಕಾಣಲಿಲ್ಲ.

ಇಷ್ಟು ನೋಡಿ ನನಗೆ ಮೊದಲು ಆದದ್ದು ಸಂತೋಷ. ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ.

"ಸುಮ್ನೆ ಇದ್ದುಬಿಡಿ" ಎಂದ ಇಕ್ಕಳ, ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಾ. "ಕೈ ಮುಗೀತೀನಿ ಅತ್ತಿಗೆ, ಒಂದು ಸಲ ಸುಮ್ನೆ ಇರಿ. ಇವತ್ತೋ ನಾಳೆಯೋ ಪೂರ್ತಿ ನಿಲ್ಲುತ್ತೆ. ಬಿದ್ದಂಬೀಳ ಓಡಿ ಬರ್ತಾರೆ. ನಾವು ಏನು ಮಾಡ್ತಿದ್ವಿ ಅಂತ ಆವಾಗ ಕೇಳ್ತಾರಾ ನೋಡೋಣ. ನಿಮ್ಮ ಭಾವನ ಮುಂದೆ ನಿಲ್ಲಿಸಿ ಸೈನ್ ಮಾಡಿಸ್ಕೊಳ್ಳೋಣ."

"ಪುಟಗಳೆಲ್ಲ ಹೋಗುತ್ತೆ."

"ಹೋಗ್ಲಿ."

ಅವನು 'ಹೋಗ್ಲಿ' ಎಂದದ್ದು ಮನಸ್ಸಿನಿಂದಲ್ಲ. ಮುಂದಿನ ಕ್ಷಣವೇ ಹಿಂದಿನ ಕಪಾಟಿನಲ್ಲಿ ಹೊಸ ಡಿಸ್ಕು ಹುಡುಕತೊಡಗಿದ್ದ.

ನಾನು ಯಜಮಾನರಿಗೆ ಫೋನ್ ಮಾಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ವರ್ಷವೆಲ್ಲ ಕೆಡದೇ ಇದ್ದದ್ದು, ಬೇಡ ಅಂದ ವಾರಕ್ಕೇ ಕೆಡ್ತಾ?"

"ಡಿಸ್ಕಿಗೆ ಅದೆಲ್ಲ ಗೊತ್ತಿರಲ್ಲ ಸಾರ್. ಆ ಪಕ್ಕದ ಡಬ್ಬಿ ಎಲ್ಲಿ?"

"ಅದನ್ನ ನಿನ್ನೆ ಸಂಜೆ ಮಗಳ ಮದುವೆ ಫೋಟೋ ಹಾಕೋಕೆ ತಗೊಂಡೆ. ಹಳೇದನ್ನ ಅಳಿಸಿ ಹಾಕಿದ್ದಾರೆ. ಸುಮ್ನೆ ಬಿದ್ದಿತ್ತು. ಅದು ಬಿಡಿ. ಕಾಂಟ್ರಾಕ್ಟ್ ಬೇಡ ಅಂದ ಮೇಲೂ ನಮ್ಮ ಕಂಪ್ಯೂಟರ್ ಒಳಗೆ ನೀವು ಇನ್ನೂ ಇದ್ದೀರಾ?"

"ಕಾಂಟ್ರಾಕ್ಟ್ ಇವತ್ತಿನ ತನಕ ಇದೆ ಸಾರ್."

"ಒಳಗೆ ಕೂತ್ಕೊಂಡು ನೀವೇ ಕೆಡಿಸಿ ನೀವೇ ಫೋನ್ ಮಾಡಿದ್ರೆ ನನಗೆ ಹೇಗಮ್ಮ ಗೊತ್ತಾಗಬೇಕು?"

ಅವರಿಗೆ ಗೊತ್ತಾಗುವ ದಾರಿ ಇರಲೇ ಇಲ್ಲ. ಗೊತ್ತಾಗದ ಹಾಗೆ ಕೆಲಸ ಮಾಡಿದವರು ನಾವೇ.

"ಇಕ್ಕಳ ಹೊಸ ಡಿಸ್ಕ್ ತರ್ತಾನೆ. ಬಿಲ್ ಇಲ್ಲ. ಒಳಗೆ ಬಿಡಿ, ಅಷ್ಟೇ."

"ಯಾರೂ ಬರೋದು ಬೇಡ. ಇವತ್ತೇ ಹೊರಗೆ ಬನ್ನಿ ನೀವು." ದನಿ ಸ್ವಲ್ಪ ಇಳಿಯಿತು. "ನಿಮ್ಮ ಯಜಮಾನ್ರು ಇದ್ದಿದ್ರೆ ಹೀಗೆ ಮಾಡ್ತಿರ್ಲಿಲ್ಲ ತಾಯಿ."

ಫೋನ್ ಇಟ್ಟರು. ಇಕ್ಕಳ ಡಿಸ್ಕು ಹಿಡಿದುಕೊಂಡು ನಿಂತಿದ್ದ. ಬೇಡವಂತೆ ಎಂದೆ. ಡಿಸ್ಕನ್ನು ಅದರ ಡಬ್ಬಕ್ಕೆ ಹಾಕಿದ.

ಇವತ್ತೇ ಹೊರಗೆ ಬನ್ನಿ ಎಂದಿದ್ದರು. ಇವತ್ತು ಇನ್ನೂ ಮುಗಿದಿರಲಿಲ್ಲ. ಅದೇ ತಿಂಗಳು ಗುಮಾಸ್ತರ ಕಂಪ್ಯೂಟರಿನಲ್ಲಿ ಮಾಡಿದ್ದ ಜಾಗ ನೆನಪಾಯಿತು. ದೊಡ್ಡ ಕಂಪ್ಯೂಟರಿನಿಂದ ಪುಟಗಳನ್ನೆಲ್ಲ ಅಲ್ಲಿಗೆ ನಕಲಿಳಿಸಲು ಹಾಕಿದೆ. ಅವರದ್ದು ಅವರ ಪ್ರೆಸ್ಸಿನೊಳಗೇ ಇರುತ್ತದೆ. ಸಾಯುವ ಡಿಸ್ಕು ತಡೆದು ತಡೆದು ಓದುತ್ತದೆ. ಪರದೆಯ ಮೇಲಿನ ನೀಲಿ ಪಟ್ಟಿ ಮುಂದೆ ಹೋಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹೋಗುತ್ತಿತ್ತು. ಗುಮಾಸ್ತ ಮೇನ್ ಇಳಿಸುವ ಮೊದಲು ಅದು ಮುಗಿಯಬೇಕಿತ್ತು. ಗುಮಾಸ್ತನ ಫೋನ್ ನಂಬರಿಗೆ ಮಾಡಿದೆ. ಎತ್ತಲಿಲ್ಲ. ಎತ್ತಬೇಡ ಎಂದು ಹೇಳಿದ್ದರೋ ಏನೋ. ನನ್ನ ಕೈಯಲ್ಲಿ ಇನ್ನೇನೂ ಇರಲಿಲ್ಲ. ಪಟ್ಟಿ ನೋಡುತ್ತಾ ಕೂತೆ.

ಸಂಜೆ ಭಾವ ಔಷಧಿ ಅಂಗಡಿಯವರನ್ನು ಕರೆದುಕೊಂಡು ಬಂದರು. ಅವರು ಅಳತೆ ಟೇಪು ತಂದಿದ್ದರು. ಒಂದು ತುದಿಯನ್ನು ಇಕ್ಕಳನ ಕೈಗೆ ಕೊಟ್ಟು, "ಹಿಡ್ಕೊಳ್ಳಿ ಸ್ವಲ್ಪ" ಎಂದರು. ಅವನು ಹಿಡಿದುಕೊಂಡ.

"ಏನು ಮಾಡ್ತಾ ಇದೀಯಮ್ಮ?" ಎಂದರು ಭಾವ.

"ಒಂದು ಕೆಲಸ ಮುಗಿಸ್ತಾ ಇದೀನಿ."

"ಹೊಸ ಗಿರಾಕಿನಾ?" ಅವರ ದನಿಯಲ್ಲಿ ಆಸೆ ಇತ್ತು. ಅವರಿಗೂ ಬೇಕಾಗಿತ್ತು ಎಂದು ಕಾಣುತ್ತದೆ.

"ಅಲ್ಲ ಭಾವ."

"ಹಳೇದಾ?"

"ಅದೂ ಅಲ್ಲ."

ಅವರು ನನ್ನ ಕುರ್ಚಿಯ ಹಿಂದೆ ಬಂದು ನಿಂತು, ಏನೆಂದು ತಿಳಿಯದಿದ್ದರೂ, ನನ್ನ ಜೊತೆ ಪಟ್ಟಿಯನ್ನು ನೋಡಿದರು. ಅದು ಕೊನೆಗೆ ಬಂದಿತ್ತು. ಬೆರಳಗಲ ಬಾಕಿ ಇತ್ತು.

"ಈ ಗೋಡೆಗೆ ಪೂರ್ತಿ ಕಪಾಟು ಬರುತ್ತೆ" ಎಂದರು ಔಷಧಿ ಅಂಗಡಿಯವರು. "ಈ ಟೀವಿ ತೆಗೀತೀರಲ್ಲ?"

ಗೋಡೆಯ ಮಾನಿಟರಿನಲ್ಲಿ ಹಳದಿ ಚುಕ್ಕಿ ಬೂದಾಯಿತು. ಗುಮಾಸ್ತರದ್ದು, ಮುಂದಿನ ಕೌಂಟರಿನದ್ದು, ಪ್ರೆಸ್ಸಿನ ಎಲ್ಲವೂ ಒಟ್ಟಿಗೇ ಬೂದಾದವು. ಮೇನ್ ಇಳಿಸಿದ್ದರು. ನೀಲಿ ಪಟ್ಟಿ ಇದ್ದಲ್ಲೇ ನಿಂತಿತು. ಆ ಬೆರಳಗಲದಲ್ಲಿ ಏನಿತ್ತೋ, ಒಂದು ಪುಸ್ತಕವೋ ಹತ್ತು ಪುಸ್ತಕವೋ, ನನಗೆ ಗೊತ್ತಿಲ್ಲ.

"ಮುಗೀತಾ?" ಎಂದರು ಭಾವ.

"ಮುಗೀತು" ಎಂದೆ.

ಯಜಮಾನರಿಗೆ ಮೆಸೇಜು ಬರೆದೆ. ನಾಳೆ ದೊಡ್ಡ ಕಂಪ್ಯೂಟರನ್ನು ಆನ್ ಮಾಡಬೇಡಿ, ಗುಮಾಸ್ತರ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದೆ, ಪೂರ್ತಿ ಅಲ್ಲ. ಅಷ್ಟು ಕಳಿಸಿ, ಅವರು ಹೇಳಿದ ಹಾಗೆ ಪ್ರೆಸ್ಸಿನ ಚುಕ್ಕಿಗಳನ್ನು ನಮ್ಮ ಮಾನಿಟರಿನಿಂದ ತೆಗೆದುಹಾಕಿದೆ. ನಿಜಕ್ಕೂ ತೆಗೆಯಬೇಕೇ ಎಂದು ಅದು ಎರಡು ಸಲ ಕೇಳಿತು.

ಬೇಕರಿ ಮತ್ತು ಉಳಿದ ಒಂದಿಬ್ಬರನ್ನು ಇಕ್ಕಳ ತನ್ನ ಸ್ಕೂಟರಿನ ಮೇಲೇ ನೋಡಿಕೊಳ್ಳುತ್ತೇನೆ ಎಂದ. "ಅವರದ್ದು ಆಗಾಗ ಕೆಡುತ್ತೆ ಅತ್ತಿಗೆ, ಯೋಚನೆ ಇಲ್ಲ" ಎಂದ. ಮಾನಿಟರ್ ಇಳಿಸಿಕೊಟ್ಟ. ಗೋಡೆಯಲ್ಲಿ ನಾಲ್ಕು ತೂತು ಉಳಿದವು. ಷಟರ್ ಎಳೆದು ಬೀಗದ ಕೈಯನ್ನು ಭಾವನಿಗೆ ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ಮಾರನೆಯ ಬೆಳಿಗ್ಗೆ ಎಂದಿನ ಹೊತ್ತಿಗೇ ಎಚ್ಚರವಾಯಿತು. ಸ್ನಾನ ಮಾಡಿ, ತಲೆ ಬಾಚಿ, ಚಪ್ಪಲಿ ಹಾಕಿಕೊಂಡ ಮೇಲೆ ನೆನಪಾಯಿತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವರು ಕಾಫಿ ತಂದುಕೊಟ್ಟರು. ಚಪ್ಪಲಿ ಹಾಕಿಕೊಂಡೇ ಕೂತು ಕುಡಿದೆ.

ಫೋನ್ ತೆಗೆದು ನೋಡಿದೆ. ಯಜಮಾನರು ಮೆಸೇಜು ಓದಿದ್ದರು. ಉತ್ತರವಿರಲಿಲ್ಲ. ಪ್ರೆಸ್ಸಿನ ಬಾಗಿಲು ತೆರೆಯುವ ಹೊತ್ತಾಯಿತು. ಗುಮಾಸ್ತ ಮೇನ್ ಏರಿಸಿರಬೇಕು. ಯಾವುದನ್ನು ಆನ್ ಮಾಡಿದರೋ, ಯಾವುದು ಎದ್ದಿತೋ, ನನಗೆ ಈಗ ಕಾಣುವುದಿಲ್ಲ. ಆ ಹೊತ್ತು ದಾಟಿತು. ಊಟದ ಹೊತ್ತೂ ದಾಟಿತು. ಫೋನ್ ಬರಲಿಲ್ಲ.

ಗಿರಾಕಿ ಫೋನ್ ಮಾಡಿದ ಎಂದರೆ ನಾವು ಸೋತ ಹಾಗೆ ಎನ್ನುತ್ತಿದ್ದ ಅವನು. ಮಾಡದಿದ್ದರೆ ಏನೆಂದು ಹೇಳಿರಲಿಲ್ಲ.